ಮಕ್ಕಳನ್ನು ಆಡಲು ಹೊರಗೆ ಬಿಡಿ, ಆಮೇಲೆ ನೀವು ಸ್ವಲ್ಪ ಸುಮ್ಮನಿರಿ

ದೊಡ್ಡವನಿಗೆ ಆಗ ಏಳು ವರ್ಷ. ದೂರದ ಅಕ್ಷರ ಓದುವಾಗ ಕಣ್ಣು ಕಿರಿದು ಮಾಡುತ್ತಿದ್ದ. ಏನೋ ಅಭ್ಯಾಸ ಇರಬೇಕು ಅಂದುಕೊಂಡಿದ್ದೆ. ಕಣ್ಣಿನ ಡಾಕ್ಟರ್ ಹತ್ತಿರ ಹೋದಾಗ ಎರಡೂ ಕಣ್ಣಿಗೆ ಮೈನಸ್ ಒಂದೂಕಾಲು ಪವರ್ ಇದೆ ಅಂದರು. ಟಿವಿ ಎಷ್ಟು ನೋಡ್ತಾನೆ, ಮೊಬೈಲ್ ಎಷ್ಟು ಹಿಡೀತಾನೆ ಅಂತ ಕೇಳುತ್ತಾರೆ ಎಂದು ನಾನು ಉತ್ತರ ಜೋಡಿಸಿಕೊಂಡು ಕೂತಿದ್ದೆ. ಅವರು ಕೇಳಿದ್ದು ಬೇರೆ. "ದಿನಕ್ಕೆ ಎಷ್ಟು ಹೊತ್ತು ಬಯಲಲ್ಲಿ ಇರ್ತಾನೆ?"

ಮನಸ್ಸಲ್ಲೇ ಲೆಕ್ಕ ಹಾಕಿದೆ. ಬೆಳಿಗ್ಗೆ ಬಾಗಿಲಿಂದ ಶಾಲೆ ವಾಹನದವರೆಗೆ. ಸಂಜೆ ವಾಹನದಿಂದ ಬಾಗಿಲವರೆಗೆ. ನಡುವೆ ಶಾಲೆಯಲ್ಲಿ ಒಂದಿಷ್ಟು ಬಿಡುವು. ಎಲ್ಲ ಸೇರಿಸಿದರೂ ಅರ್ಧ ಗಂಟೆ ದಾಟಲಿಲ್ಲ.

ಅವತ್ತು ಡಾಕ್ಟರ್ ಸಮಾಧಾನವಾಗಿ ವಿವರಿಸಿದರು. ಮಕ್ಕಳ ಕಣ್ಣುಗುಡ್ಡೆ ಇನ್ನೂ ಬೆಳೆಯುತ್ತಿರುತ್ತದೆ. ಅದು ಬೇಕಾದ್ದಕ್ಕಿಂತ ಉದ್ದಕ್ಕೆ ಬೆಳೆದರೆ ದೂರದ್ದು ಮಸುಕಾಗುತ್ತದೆ, ಸಮೀಪದೃಷ್ಟಿ ಅನ್ನುವುದು ಇದನ್ನೇ. ಹಗಲಿನ ಜೋರು ಬೆಳಕಿಗೆ ಕಣ್ಣಿನ ಒಳಪರದೆಯಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ಬಿಡುಗಡೆಯಾಗುತ್ತದೆ. ಆ ಅತಿ ಬೆಳವಣಿಗೆಗೆ ಕಡಿವಾಣ ಹಾಕುವುದು ಅದೇ ಅಂತ ತಜ್ಞರು ನಂಬುತ್ತಾರೆ. ಬೆಳಕನ್ನು ಲಕ್ಸ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ, ದೀಪ ಹಾಕಿದ ಕೋಣೆಯಲ್ಲಿ ಅದು ಸಾಮಾನ್ಯವಾಗಿ 100ರಿಂದ 500 ಲಕ್ಸ್ ಇರುತ್ತದೆ. ಹೊರಗೆ ಮೋಡ ಕವಿದಿದ್ದರೂ ಹಲವು ಸಾವಿರ ಲಕ್ಸ್, ಬಿಸಿಲಿದ್ದರೆ 1 ಲಕ್ಷದವರೆಗೂ ಹೋಗುತ್ತದೆ. ಮನೆಯಲ್ಲಿ ಎಷ್ಟು ದೀಪ ಹಾಕಿದರೂ ಆ ಬೆಳಕಿಗೆ ಸಮ ಆಗಲ್ಲ.

ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ತರಗತಿ ಮಕ್ಕಳಿಗೆ ಪ್ರತಿ ಶಾಲಾದಿನ 40 ನಿಮಿಷ ಹೆಚ್ಚುವರಿಯಾಗಿ ಹೊರಗೆ ಇರಿಸಿ ನೋಡಿದ್ದರು. ಮೂರು ವರ್ಷದ ನಂತರ ಆ ಮಕ್ಕಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು 30.4%, ಹಾಗೆ ಹೊರಗೆ ಹೋಗದ ಮಕ್ಕಳಲ್ಲಿ 39.5%. 2015ರಲ್ಲಿ ಇದು ಪ್ರಕಟವಾಯಿತು. ತೈವಾನ್‌ನಲ್ಲಂತೂ 2010ರಿಂದಲೇ ಶಾಲೆಗಳಿಗೆ ಹೇಳಿಬಿಟ್ಟಿದ್ದಾರೆ, ಮಕ್ಕಳು ದಿನಕ್ಕೆ 120 ನಿಮಿಷ ಬಯಲಲ್ಲಿ ಇರಲಿ ಅಂತ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಬಂದ ಕನ್ನಡಕ ಹೊರಗೆ ಆಡಿದ್ದರಿಂದ ಹೋಗಿಬಿಡುವುದಿಲ್ಲ. ಬಯಲ ಬೆಳಕಿನ ಲಾಭ ಚೆನ್ನಾಗಿ ಕಾಣುವುದು ಸಮೀಪದೃಷ್ಟಿ ಬರುವ ಮೊದಲು. ನನ್ನ ಚಿಕ್ಕವಳಿಗೆ ಆಗ ಮೂರೂವರೆ. ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದ್ದಿದ್ದು ಅವಳೇ.

ಇದಾಗಿ ನಾಲ್ಕು ವರ್ಷ. ಕಣ್ಣಿನ ನೆಪದಲ್ಲಿ ಶುರು ಮಾಡಿದ್ದು, ಆದರೆ ಅದರಿಂದ ನಮ್ಮ ಇಡೀ ಮನೆ ಬದಲಾಯಿತು. ಈ ನಾಲ್ಕು ವರ್ಷದಲ್ಲಿ ನಾನು ಕಲಿತದ್ದನ್ನು, ಇವತ್ತು ಶುರು ಮಾಡಬೇಕು ಅಂದುಕೊಂಡಿರುವ ಅಪ್ಪ ಅಮ್ಮಂದಿರಿಗೆ ಹೇಳುತ್ತಿದ್ದೇನೆ. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುವುದು ಅರ್ಧ ಕೆಲಸ. ಹೋದ ಮೇಲೆ ನಾವು ಬಾಯಿ ಮುಚ್ಚಿಕೊಂಡು ಕೂರುವುದು ಇನ್ನರ್ಧ, ಮತ್ತು ಅದೇ ಕಷ್ಟದ ಅರ್ಧ.

ಎಷ್ಟು ಹೊತ್ತು, ಯಾವಾಗ

ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಹೀಗಿದೆ. 1ರಿಂದ 4 ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸುತ್ತಿರಬೇಕು. 3 ವರ್ಷ ದಾಟಿದವರಾದರೆ ಅದರಲ್ಲಿ 60 ನಿಮಿಷವಾದರೂ ಉಸಿರು ಜೋರಾಗುವ ಓಟ, ಕುಣಿತ ಇರಬೇಕು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಅಂಥ ಆಟ, ಜೊತೆಗೆ ವಾರದಲ್ಲಿ ಮೂರು ದಿನವಾದರೂ ಮೂಳೆ ಮತ್ತು ಮಾಂಸಖಂಡ ಗಟ್ಟಿಯಾಗುವಂಥ ಚಟುವಟಿಕೆ. ಹತ್ತುವುದು, ಜಿಗಿಯುವುದು, ನೇತಾಡುವುದು ಅಂದರೆ ಅದೇ.

180 ಅನ್ನುವ ಅಂಕಿ ನೋಡಿ ಗಾಬರಿ ಬೀಳಬೇಡಿ. ಒಂದೇ ಸಲ ಆಗಬೇಕಿಲ್ಲ. ನಾವು ಬೆಳಿಗ್ಗೆ 25 ನಿಮಿಷ, ಸಂಜೆ ಒಂದು ಗಂಟೆ ಮಾಡಿಕೊಂಡೆವು. ರಜೆ ದಿನ ಅರ್ಧ ಹಗಲು. ಬೆಳಿಗ್ಗೆಯ ಆ 25 ನಿಮಿಷ ಎಲ್ಲಿಂದ ಬಂತು ಅಂದರೆ, ಮಕ್ಕಳು ಎದ್ದು ಸೋಫಾ ಮೇಲೆ ಮುದುರಿಕೊಂಡು ಕೂರುತ್ತಿದ್ದ ಸಮಯ ಅದು. ಈಗ ಎದ್ದವರು ನೇರ ಹೊರಗೆ, ರಾತ್ರಿ ಬಟ್ಟೆಯಲ್ಲೇ. ಬೆಳಗಿನ ಬೆಳಕು ದೇಹದ ಗಡಿಯಾರವನ್ನು ಸರಿ ಮಾಡುತ್ತದೆ. ರಾತ್ರಿ ನಿದ್ದೆ ಬರಿಸುವ ಮೆಲಟೋನಿನ್ ಹೊತ್ತಿಗೆ ಸರಿಯಾಗಿ ಏರುತ್ತದೆ. ಹತ್ತೂವರೆಯಾದರೂ ಹಾಸಿಗೆಯಲ್ಲಿ ಹೊರಳಾಡುತ್ತಿದ್ದ ಚಿಕ್ಕವಳು ಮೂರನೇ ವಾರಕ್ಕೆ ಒಂಬತ್ತು ಗಂಟೆಗೇ ಮಲಗಲು ಶುರು ಮಾಡಿದಳು.

ಮೊದಲ ವಾರ ಮಾತ್ರ ನಿಮ್ಮ ತಾಳ್ಮೆ ಪರೀಕ್ಷೆ ಆಗುತ್ತದೆ. ಹೊರಗೆ ಹೋದ ಐದೇ ನಿಮಿಷಕ್ಕೆ ದೊಡ್ಡವನು ಬಂದು ನನ್ನ ಸೆರಗು ಎಳೆಯುತ್ತಿದ್ದ. "ಅಮ್ಮಾ, ಬೋರ್ ಆಗ್ತಿದೆ. ಏನ್ ಆಡ್ಲಿ?" ನಾನೂ ಮೊದಲೆರಡು ದಿನ ಅದಾಡು, ಇದಾಡು ಅಂತ ಹತ್ತು ಆಟ ಹೇಳಿದೆ. ಒಂದೂ ಹಿಡಿಸಲಿಲ್ಲ. ಮೂರನೇ ದಿನ ಸುಸ್ತಾಗಿ, "ನಂಗೂ ಗೊತ್ತಿಲ್ಲ ಪುಟ್ಟ" ಅಂದೆ. ಅವನು ಕಲ್ಲು ಒದೆಯುತ್ತಾ ಹೋದ. ಇನ್ನೊಂದು ಕಲ್ಲು ಒದ್ದ. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಹೊಡೆಯಲು ನೋಡಿದ. ಸ್ವಲ್ಪ ಹೊತ್ತಿಗೆ ನೆಲದ ಮೇಲೆ ಗೆರೆ ಎಳೆದು ನಿಯಮ ಬರೆಯುತ್ತಿದ್ದ, ತಂಗಿಯನ್ನು ಕರೆದು ಪಾಯಿಂಟ್ ಲೆಕ್ಕ ಹೇಳಿಕೊಡುತ್ತಿದ್ದ.

ಅವತ್ತಿಂದ ಗಮನಿಸುತ್ತಾ ಬಂದಿದ್ದೇನೆ. ನಮ್ಮ ಮಕ್ಕಳಲ್ಲಿ ನಿಜವಾದ ಆಟ ಶುರುವಾಗುವುದೇ 20ನೇ ನಿಮಿಷದ ಆಸುಪಾಸಿಗೆ. ಮೊದಲ 20 ನಿಮಿಷ ಸುತ್ತಾಟ, ಗೊಣಗಾಟ. ಬೋರ್ ಆಗುವುದು ಆಟದ ಬಾಗಿಲು. ಆ ಬಾಗಿಲಲ್ಲೇ ನಾವು ಮಗುವನ್ನು ಎತ್ತಿಕೊಂಡು ಮನೆಗೆ ಬಂದರೆ ಅದು ಒಳಗೆ ಕಾಲಿಡುವುದೇ ಇಲ್ಲ. ಅದಕ್ಕೇ ಹೇಳುತ್ತೇನೆ, 15 ನಿಮಿಷದ ನಾಲ್ಕು ಸುತ್ತಿಗಿಂತ ಒಂದು ಗಂಟೆಯ ಒಂದು ಸುತ್ತು ಮೇಲು. ಎರಡೂ ಆದರೆ ಇನ್ನೂ ಒಳ್ಳೆಯದು.

ಏನೇನು ಬೇಕು

ದೊಡ್ಡ ಪಾರ್ಕೇ ಬೇಕು ಅಂತಿಲ್ಲ. ನಾನು ಜಾಗ ಹುಡುಕುವಾಗ ನಾಲ್ಕು ವಿಷಯ ನೋಡುತ್ತೇನೆ. ಮಣ್ಣು ಅಥವಾ ಮರಳು ಇದೆಯಾ? ಸ್ವಲ್ಪ ಇಳಿಜಾರು ಇದೆಯಾ? ಹತ್ತಲು ಏನಾದರೂ ಇದೆಯಾ? ಎತ್ತಿ ಬೇರೆ ಕಡೆ ಇಡಬಹುದಾದ ವಸ್ತುಗಳಿವೆಯಾ? ಎರಡಿದ್ದರೂ ಸಾಕು.

ಕೊನೆಯದನ್ನು ಜನ ಮರೆಯುತ್ತಾರೆ. ಜಾರುಬಂಡಿ ಯಾವತ್ತೂ ಜಾರುಬಂಡಿಯೇ. ಒಂದು ಹಲಗೆ ಮಾತ್ರ ಇವತ್ತು ಸೇತುವೆ, ನಾಳೆ ಅಂಗಡಿ ಕಟ್ಟೆ, ನಾಡಿದ್ದು ಹಡಗು. 1971ರಲ್ಲಿ ಸೈಮನ್ ನಿಕೋಲ್ಸನ್ ಎಂಬವರು ಇದನ್ನು ಬಿಡಿವಸ್ತುಗಳ ಸಿದ್ಧಾಂತ ಅಂತ ಬರೆದರು. ಜಾಗದಲ್ಲಿ ಅಲುಗಾಡಿಸಬಹುದಾದ, ಬದಲಾಯಿಸಬಹುದಾದ ಸಾಮಾನು ಎಷ್ಟು ಜಾಸ್ತಿಯೋ ಅಲ್ಲಿ ಹೊಸದನ್ನು ಕಂಡುಹಿಡಿಯುವ ಅವಕಾಶ ಅಷ್ಟು ಜಾಸ್ತಿ ಅನ್ನುವುದು ಅದರ ಸಾರ. ಅದಕ್ಕೂ ಮುಂಚೆ, 1943ರಲ್ಲಿ, ಕೋಪನ್‌ಹೇಗನ್‌ನ ಎಮ್‌ಡ್ರುಪ್‌ನಲ್ಲಿ ಸೋರೆನ್‌ಸನ್ ಎಂಬ ಉದ್ಯಾನ ವಿನ್ಯಾಸಕಾರರು ಹಳೆ ಹಲಗೆ, ಇಟ್ಟಿಗೆ, ಗುಜರಿ ಸಾಮಾನು ಇಟ್ಟ ಆಟದ ಮೈದಾನ ಮಾಡಿದ್ದರು. ತಾವೇ ವಿನ್ಯಾಸ ಮಾಡಿದ ಅಂದದ ಮೈದಾನಗಳಿಗಿಂತ ಕಟ್ಟಡ ಕಟ್ಟುವ ಜಾಗಗಳಲ್ಲೇ ಮಕ್ಕಳು ಮೈಮರೆತು ಆಡುವುದನ್ನು ಅವರು ನೋಡಿದ್ದರು.

ನಮ್ಮ ಚೀಲದಲ್ಲಿ ಇರುವುದು ಇಷ್ಟು: ತೂತು ಬಿದ್ದ ಒಂದು ಪಾತ್ರೆ, ಎರಡು ಹಳೆ ಸೌಟು, ಒಂದು ಹಳೆ ಹಾಸಿಗೆ ಹೊದಿಕೆ, ಸಣ್ಣ ಬಕೆಟ್, ಬಟ್ಟೆ ಸಿಕ್ಕಿಸುವ ಕ್ಲಿಪ್‌ಗಳು, ನಮ್ಮ ಕಣ್ಣೆದುರಿಗೆ ಮಾತ್ರ ಕೊಡುವ ಒಂದು ಹಗ್ಗ. ಉಳಿದದ್ದು ನೆಲದ ಮೇಲೆ ಸಿಗುತ್ತದೆ. ಕಡ್ಡಿ, ಎಲೆ, ಕಲ್ಲು.

ಒಂದು ದಿನದ ಆಟವನ್ನು ಹತ್ತಿರದಿಂದ ನೋಡಿ. ಹಿಂದಿನ ರಾತ್ರಿ ಮಳೆ ಬಂದಿತ್ತು. ತಗ್ಗಿನಲ್ಲಿ ನೀರು ನಿಂತಿತ್ತು, ಅಂಗೈಯಗಲದ ಒಂದು ಗುಂಡಿ. ಚಿಕ್ಕವಳು ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತು ಸೌಟಿನ ಹಿಡಿಯಿಂದ ಮಣ್ಣಿನಲ್ಲಿ ಗೆರೆ ಎಳೆದಳು. ನೀರು ಹರಿಯಲಿಲ್ಲ. ಗೆರೆಯನ್ನು ಆಳ ಮಾಡಿದಳು. ಸ್ವಲ್ಪ ಹರಿದು ನಿಂತಿತು. ಎದ್ದು ಸುತ್ತಿ ಬಂದು ಇನ್ನೊಂದು ಕಡೆಯಿಂದ ನೋಡಿದಳು. ತಲೆ ನೆಲಕ್ಕೆ ತಾಗುವಷ್ಟು ಬಗ್ಗಿ ನೋಡಿದಳು. ಆಮೇಲೆ ನೀರು ನಿಂತಿದ್ದ ಕಡೆ ಉಬ್ಬಿದ್ದ ಮಣ್ಣನ್ನು ಎರಡು ಬೆರಳಲ್ಲಿ ತೆಗೆದಳು. ನೀರು ಸರ್ರನೆ ಓಡಿತು. ಅವಳು ಕೂಗಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಒಂದು ಎಲೆ ಕಿತ್ತು ಅದರ ಮೇಲೆ ಬಿಟ್ಟಳು.

ಇಷ್ಟಕ್ಕೆ 35 ನಿಮಿಷ ಹಿಡಿಯಿತು. ನೀರು ಇಳಿಜಾರಿಗೆ ಹರಿಯುತ್ತದೆ ಅಂತ ನಾನು ಮೊದಲ ನಿಮಿಷದಲ್ಲೇ ಹೇಳಬಹುದಿತ್ತು. ಹೇಳಿದ್ದರೆ ಅವಳ ಆ 35 ನಿಮಿಷವನ್ನು ನಾನೇ ಕಿತ್ತುಕೊಂಡ ಹಾಗೆ ಆಗುತ್ತಿತ್ತು.

ಮಣ್ಣು ಅಂದರೆ ಮೂಗು ಮುರಿಯುವವರಿಗೆ ಒಂದು ವಿಷಯ. ಫಿನ್‌ಲ್ಯಾಂಡ್‌ನಲ್ಲಿ ನಗರದ ಶಿಶುವಿಹಾರಗಳ ಅಂಗಳಕ್ಕೆ ಕಾಡಿನ ನೆಲದ ಮಣ್ಣು, ಹುಲ್ಲಿನ ಹಾಸು ತಂದು ಹಾಕಿ ಮಕ್ಕಳನ್ನು ಆಡಲು ಬಿಟ್ಟರು. 28 ದಿನಕ್ಕೆ ಅವರ ಚರ್ಮದ ಮೇಲಿನ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ ಅಂಶಗಳೂ ಒಳ್ಳೆಯ ಕಡೆಗೆ ಬದಲಾದವು. 2020ರಲ್ಲಿ ವರದಿ ಬಂತು. ಹಾಗಂತ ಕೊಳಚೆ ಪಕ್ಕದ ಮಣ್ಣಾಗಲಿ, ನಾಯಿ ಬೆಕ್ಕು ಹೊಲಸು ಮಾಡುವ ಮರಳಾಗಲಿ ಬೇಡ. ಮನೆಗೆ ಬಂದ ಕೂಡಲೇ, ಏನನ್ನಾದರೂ ತಿನ್ನುವ ಮೊದಲು, ಸೋಪು ಹಾಕಿ ಕೈ ತೊಳೆಯಲೇಬೇಕು.

"ಹುಷಾರು" ಅನ್ನುವ ಮಾತು

ಒಂದು ಸಂಜೆ ನಾನು ಎಷ್ಟು ಸಲ "ಹುಷಾರು" ಅಂದೆ ಅಂತ ಎಣಿಸಿದೆ. ಒಂದು ಗಂಟೆಯಲ್ಲಿ 31 ಸಲ. ಅದರಲ್ಲಿ ನಿಜವಾಗಿ ಬೇಕಿದ್ದದ್ದು ಎರಡೇ. ಉಳಿದ 29 ಸಲ ಆ ಮಾತಿನಿಂದ ಮಗುವಿಗೆ ಏನು ತಿಳಿಯಿತು? ಏನಕ್ಕೆ ಹುಷಾರು, ಎಲ್ಲಿ ಹುಷಾರು, ಏನೂ ಇಲ್ಲ. ಅಮ್ಮನಿಗೆ ಭಯ ಇದೆ ಅನ್ನುವುದೊಂದೇ ತಿಳಿಯಿತು.

ಆಮೇಲೆ ಬದಲಾಯಿಸಿಕೊಂಡೆ. ಹೇಳಲೇಬೇಕಾದಾಗ ಕೆಲಸಕ್ಕೆ ಬರುವ ಮಾತು ಹೇಳುತ್ತೇನೆ. "ಮುಂದಿನ ಕಾಲು ಎಲ್ಲಿಡ್ತೀಯ?" "ಆ ಕೊಂಬೆ ಗಟ್ಟಿ ಇದೆಯಾ, ಕೈಯಲ್ಲಿ ಅಲ್ಲಾಡಿಸಿ ನೋಡು." "ಕಲ್ಲು ಒದ್ದೆ ಇದೆ, ಪಾದಕ್ಕೆ ಗೊತ್ತಾಗ್ತಿದೆಯಾ?" "ಇಳಿಯೋದು ಹೇಗೆ ಅಂತ ಯೋಚಿಸಿದೀಯಾ?" ಇಂಥ ಮಾತಿನಿಂದ ಮಗುವಿನ ಗಮನ ನನ್ನ ಮೇಲಿಂದ ಕೊಂಬೆಯ ಮೇಲೆ ಹೋಗುತ್ತದೆ. ಮರದ ಮೇಲಿರುವ ಮಗುವಿಗೆ ಬೇಕಾಗಿರುವುದೂ ಅದೇ ಅಲ್ವಾ?

ನನಗೆ ನಾನೇ ಮೂರು ಕಟ್ಟಳೆ ಹಾಕಿಕೊಂಡಿದ್ದೇನೆ. ಮೊದಲನೆಯದು, ಪ್ರಾಣಕ್ಕೆ ಅಪಾಯ ಇಲ್ಲದಿದ್ದರೆ ಬಾಯಿ ತೆರೆಯುವ ಮೊದಲು ಮನಸ್ಸಲ್ಲಿ 20ರವರೆಗೆ ಎಣಿಸುವುದು. ಬಹುತೇಕ ಸಲ 14 ಅನ್ನುವಷ್ಟರಲ್ಲಿ ಮಗು ತಾನೇ ದಾರಿ ಕಂಡುಕೊಂಡಿರುತ್ತದೆ. ಎರಡನೆಯದು, ಮಗು ತಾನಾಗಿ ಹತ್ತಲಾಗದ ಜಾಗಕ್ಕೆ ನಾನು ಎತ್ತಿ ಕೂರಿಸುವುದಿಲ್ಲ. ತನ್ನ ಬಲದಲ್ಲಿ ಹತ್ತಿದ ಮಗುವಿನ ಕೈಕಾಲಿಗೆ ಆ ಎತ್ತರದ ಅಂದಾಜು ಇರುತ್ತದೆ, ನಾವು ಎತ್ತಿ ಕೂರಿಸಿದ ಮಗುವಿಗೆ ಇರುವುದಿಲ್ಲ. ಮೂರನೆಯದು, ಹೆದರಿ ನಿಂತ ಮಗುವನ್ನು ಹುರಿದುಂಬಿಸಿ ಮೇಲೆ ಹತ್ತಿಸುವುದಿಲ್ಲ. "ಸಾಕು, ಇಳೀತೀನಿ" ಅನ್ನುವುದೂ ಒಂದು ಸರಿಯಾದ ತೀರ್ಮಾನ.

ನಾರ್ವೆಯ ಸಂಶೋಧಕಿ ಎಲ್ಲೆನ್ ಸ್ಯಾಂಡ್‌ಸೆಟರ್ 2007ರಲ್ಲಿ ಮಕ್ಕಳ ಸಾಹಸದ ಆಟಗಳನ್ನು ಆರು ಬಗೆಯಾಗಿ ವಿಂಗಡಿಸಿದರು. ಎತ್ತರ, ವೇಗ, ಹರಿತವಾದ ಸಲಕರಣೆ, ನೀರು ಬೆಂಕಿಯಂಥವುಗಳ ಹತ್ತಿರ ಆಡುವುದು, ಮೈ ಮೇಲೆ ಬಿದ್ದು ಹೊರಳಾಡುವ ಕುಸ್ತಿ, ದೊಡ್ಡವರ ಕಣ್ಣು ತಪ್ಪಿಸಿ ಒಬ್ಬರೇ ಸುತ್ತುವುದು. ಇದನ್ನು ಓದಿದಾಗ ನನ್ನ ಬಾಲ್ಯ ಕಣ್ಣಿಗೆ ಕಟ್ಟಿತು. ಆರೂ ನಾನು ಆಡಿದ್ದೆ. ನನ್ನ ಮಗ ಒಂದನ್ನೂ ಆಡಿರಲಿಲ್ಲ.

ಎಲ್ಲವನ್ನೂ ಒಟ್ಟಿಗೆ ಬಿಡಬೇಡಿ. ವೇಗದಿಂದ ಶುರು ಮಾಡಿ, ಹುಲ್ಲಿನ ಇಳಿಜಾರಲ್ಲಿ ಓಡಲಿ, ಉರುಳಲಿ. ಕಿವಿಯ ಒಳಗೆ ದ್ರವ ತುಂಬಿದ ಪುಟ್ಟ ಅರ್ಧವೃತ್ತದ ನಾಳಗಳಿವೆ. ತಲೆ ತಿರುಗಿದಾಗೆಲ್ಲ ಆ ದ್ರವ ಅಲುಗಿ ಮೆದುಳಿಗೆ ಸುದ್ದಿ ಕೊಡುತ್ತದೆ. ಉರುಳಿ, ತಿರುಗಿ, ಜೋಕಾಲಿ ಆಡಿ ಆಡಿಯೇ ಮಗುವಿನ ಸಮತೋಲನ ಪಕ್ಕಾ ಆಗುವುದು.

ನೀವು ನೋಡಿಕೊಳ್ಳಲೇಬೇಕಾದದ್ದು

ಸುಮ್ಮನಿರಿ ಅಂದರೆ ಬೇಜವಾಬ್ದಾರಿಯಾಗಿರಿ ಅಂತಲ್ಲ. ಮಗು ಅಳೆದು ನೋಡಿ ಎದುರಿಸಬಲ್ಲದ್ದು ಸವಾಲು. ಮಗುವಿನ ಕಣ್ಣಿಗೆ ಕಾಣದ್ದು, ಅಳೆಯಲಾಗದ್ದು ಅಪಾಯ. ಸವಾಲು ಮಗುವಿನ ಪಾಲಿಗೆ ಇರಲಿ. ಅಪಾಯ ತೆಗೆಯುವುದು ನಮ್ಮ ಕೆಲಸ.

ಜಾಗಕ್ಕೆ ಹೋದ ಕೂಡಲೇ ನಾನೊಂದು ಸುತ್ತು ಹಾಕುತ್ತೇನೆ. ಒಡೆದ ಗಾಜು, ಮೊಳೆ, ಜೋತುಬಿದ್ದ ವೈರು, ಮುಚ್ಚದ ಗುಂಡಿ, ವಾಹನ ಬರುವ ದಾರಿ. ನೀರಿನ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಕೆಲವೇ ಇಂಚು ನೀರಲ್ಲೂ ಸಣ್ಣ ಮಕ್ಕಳು ಮುಳುಗಬಹುದು. ಮುಳುಗುವ ಮಗು ಬಹಳ ಸಲ ಕಿರುಚುವುದೇ ಇಲ್ಲ. ತೊಟ್ಟಿ, ಕೆರೆ, ಹೊಂಡದ ಹತ್ತಿರ ಸಣ್ಣವರಿದ್ದರೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಲ್ಲಿ, ಫೋನ್ ಚೀಲದೊಳಗಿರಲಿ.

ಆಟದ ಸಲಕರಣೆ ಇರುವ ಕಡೆ ನೆಲ ನೋಡಿ. ಹತ್ತುವ ಚೌಕಟ್ಟಿನ ಕೆಳಗೆ ಸಿಮೆಂಟು ಅಥವಾ ಗಟ್ಟಿ ನೆಲ ಇದ್ದರೆ ಅಲ್ಲಿ ಎತ್ತರ ಹತ್ತುವುದು ಬೇಡ. ಮರಳು ಅಥವಾ ಮರದ ಚೂರು ಕನಿಷ್ಠ 9 ಇಂಚು ದಪ್ಪಕ್ಕೆ ಇದ್ದರೆ ಒಳ್ಳೆಯದು, ಸುತ್ತ 6 ಅಡಿ ಜಾಗದಲ್ಲಿ ಏನೂ ಅಡ್ಡ ಇರಬಾರದು. ಬಿಸಿಲಲ್ಲಿ ಕಾದ ಜಾರುಬಂಡಿ ಸುಟ್ಟುಬಿಡುತ್ತದೆ. ನಿಮ್ಮ ಅಂಗೈಯ ಹಿಂಭಾಗ ಇಟ್ಟು ನೋಡಿ, ನಿಮಗೇ ತಡೆಯಲಾಗದಿದ್ದರೆ ಮಗುವನ್ನು ಬಿಡಬೇಡಿ.

ಇನ್ನೆರಡು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಸೈಕಲ್ ಹೊಡೆಯುವಾಗ ಹೆಲ್ಮೆಟ್ ಬೇಕೇ ಬೇಕು, ಆದರೆ ಜಾರುಬಂಡಿ, ಏಣಿ ಹತ್ತುವಾಗ ಅದನ್ನು ತೆಗೆಸಿ. ಸಂದಿಯಲ್ಲಿ ಹೆಲ್ಮೆಟ್ ಸಿಕ್ಕಿಕೊಂಡು ಪಟ್ಟಿ ಕುತ್ತಿಗೆಗೆ ಬಿಗಿಯಬಹುದು. ಟೋಪಿಯ ದಾರ, ಕುತ್ತಿಗೆಯ ಸರ, ಉದ್ದ ದುಪಟ್ಟಾ ಕೂಡ ಹಾಗೆಯೇ. ಎರಡನೆಯದು, ಪುಟ್ಟ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಜಾರಬೇಡಿ. ಮಗುವಿನ ಪಾದ ಪಕ್ಕಕ್ಕೆ ಸಿಕ್ಕಿದರೆ ನಮ್ಮ ದೇಹದ ಭಾರಕ್ಕೆ ಕಾಲಿನ ಮೂಳೆ ಮುರಿಯಬಹುದು. ಪ್ರೀತಿಯಿಂದ ಮಾಡಿದ ಕೆಲಸಕ್ಕೆ ಮಗು ಪ್ಲಾಸ್ಟರ್ ಹಾಕಿಸಿಕೊಳ್ಳುವ ಹಾಗಾಗುತ್ತದೆ.

ಬೀಳುವುದಂತೂ ಬಿದ್ದೇ ಬೀಳುತ್ತಾರೆ. ದೊಡ್ಡವನು ಎರಡನೇ ವರ್ಷ ಒಂದು ಗಿಡ್ಡ ಗೋಡೆಯಿಂದ ಜಾರಿ ಗಲ್ಲ ಸೀಳಿಕೊಂಡ. ರಕ್ತ ನೋಡಿ ನನ್ನ ಜೀವ ಬಾಯಿಗೆ ಬಂತು. ಸ್ವಚ್ಛ ಬಟ್ಟೆ ಒತ್ತಿ ಹಿಡಿದು ಆಸ್ಪತ್ರೆಗೆ ಓಡಿದೆವು, ಮೂರು ಹೊಲಿಗೆ ಹಾಕಿದರು. ಹತ್ತು ದಿನಕ್ಕೆ ಅದೇ ಗೋಡೆ ಹತ್ತಿದ. ಈ ಸಲ ಮೊದಲು ಚಪ್ಪಲಿ ಬಿಚ್ಚಿಟ್ಟ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಸಣ್ಣ ತರಚಿದ ಗಾಯವನ್ನು ಹರಿಯುವ ನೀರಲ್ಲಿ ತೊಳೆದರೆ ಸಾಕು. ಟೆಟನಸ್ ಲಸಿಕೆ ಬಾಕಿ ಉಳಿಯದ ಹಾಗೆ ನೋಡಿಕೊಳ್ಳಿ. ತಲೆಗೆ ಪೆಟ್ಟು ಬಿದ್ದ ಮೇಲೆ ಪ್ರಜ್ಞೆ ತಪ್ಪಿದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಿದರೂ ಏಳದಷ್ಟು ಮಂಪರಿದ್ದರೆ, ಮಾತು ತೊದಲಿದರೆ, ಫಿಟ್ಸ್ ಬಂದರೆ ಒಂದು ಕ್ಷಣವೂ ಕಾಯಬೇಡಿ, ಡಾಕ್ಟರ್ ಹತ್ತಿರ ಹೋಗಿ.

ಬಿಸಿಲು, ಮಳೆ

ಬಿಸಿಲಿನ ಅತಿನೇರಳೆ ಕಿರಣ ಎಷ್ಟು ಜೋರಿದೆ ಅಂತ ಹೇಳುವ ಯುವಿ ಸೂಚ್ಯಂಕ 3 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಟೋಪಿ, ತೋಳು ಮುಚ್ಚುವ ಅಂಗಿ, ನೆರಳು ಬೇಕು. ಹೆಚ್ಚಿನ ಫೋನ್‌ಗಳ ಹವಾಮಾನ ಆ್ಯಪ್‌ನಲ್ಲಿ ಅದು ಕಾಣುತ್ತದೆ. ಮಟಮಟ ಮಧ್ಯಾಹ್ನದ ಬಿಸಿಲು ಬಿಟ್ಟು ಬೆಳಿಗ್ಗೆ, ಸಂಜೆ ಹೋಗಿ. ಆರು ತಿಂಗಳೊಳಗಿನ ಕೂಸನ್ನು ನೇರ ಬಿಸಿಲಲ್ಲಿ ಇಡಬೇಡಿ. ಕಣ್ಣಿಗೆ ಬೇಕಾದ ಬೆಳಕು ಮರದ ನೆರಳಲ್ಲೂ ಸಿಗುತ್ತದೆ, ಹಾಗಾಗಿ ಮಗು ಬಿಸಿಲಲ್ಲಿ ಬೇಯಬೇಕಿಲ್ಲ. ಕಿಟಕಿ ಪಕ್ಕ ಕೂರಿಸಿದರೆ ವಿಟಮಿನ್ ಡಿ ಬರುತ್ತದೆ ಅಂದುಕೊಂಡವರೂ ಇದ್ದಾರೆ. ಅದಕ್ಕೆ ಬೇಕಾದ ಯುವಿಬಿ ಕಿರಣವನ್ನು ಗಾಜು ತಡೆದುಬಿಡುತ್ತದೆ.

ಮಳೆಯಲ್ಲಿ ನಾವು ಹೋಗುತ್ತೇವೆ. ಬದಲಿ ಬಟ್ಟೆ, ಒಂದು ಟವೆಲ್ ಇದ್ದರೆ ಆಯ್ತು. ಒದ್ದೆ ಬಟ್ಟೆಯಲ್ಲಿ ನಡುಗುತ್ತಾ ನಿಲ್ಲುವವರೆಗೆ ಬಿಡಬಾರದು ಅಷ್ಟೆ. ಗುಡುಗು ಕೇಳಿದರೆ ಮಾತ್ರ ತಕ್ಷಣ ಒಳಗೆ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಗೆ ಕಾಲಿಡುವುದಿಲ್ಲ.

ಜಗಳ ಬಂದಾಗ

ಬೇರೆ ಮಕ್ಕಳು ಸೇರಿದ ಮೇಲೆ ಜಗಳ ಬರುತ್ತದೆ. ನಾವು ಓಡಿ ಹೋಗಿ ತೀರ್ಪು ಕೊಡುತ್ತೇವೆ. ಅಲ್ಲೂ ಕಾಯಿರಿ. ಆಟದ ಕುಸ್ತಿಗೂ ನಿಜವಾದ ಹೊಡೆದಾಟಕ್ಕೂ ವ್ಯತ್ಯಾಸ ಮುಖದಲ್ಲೇ ಕಾಣುತ್ತದೆ. ಆಟವಾದರೆ ನಗು ಇರುತ್ತದೆ, ಮೇಲಿದ್ದವನು ಸ್ವಲ್ಪ ಹೊತ್ತಿಗೆ ಕೆಳಗೆ ಬರುತ್ತಾನೆ, ಮುಗಿದ ಮೇಲೂ ಒಟ್ಟಿಗೇ ಇರುತ್ತಾರೆ. ಹೊಡೆದಾಟವಾದರೆ ಹಲ್ಲು ಕಚ್ಚಿರುತ್ತಾರೆ, ಒಬ್ಬನೇ ಸದಾ ಕೆಳಗಿರುತ್ತಾನೆ, ಬಿಟ್ಟ ಕೂಡಲೇ ದೂರ ಓಡುತ್ತಾರೆ. ಆಗ ಮಧ್ಯೆ ಹೋಗಿ.

ಆಟದ ನಿಯಮದ ಜಗಳಕ್ಕೆ ನಾನು ಹೋಗುವುದೇ ಇಲ್ಲ. ಜೂಟಾಟದಲ್ಲಿ ಔಟ್ ಹೌದೋ ಅಲ್ಲವೋ ಅಂತ ಒಮ್ಮೆ ಹತ್ತು ನಿಮಿಷ ವಾದ ನಡೆಯಿತು, ಆಟ ಐದೇ ನಿಮಿಷ. ಮರುದಿನ ಅವರೇ ಹೊಸ ನಿಯಮ ಮಾಡಿಕೊಂಡು ಬಂದರು. ಚಿಕ್ಕವರಿಗೆ ಎರಡು ಜೀವ. ಚಿಕ್ಕವರಿಲ್ಲದೆ ಆಟ ಮಜಾ ಬರಲ್ಲ ಅಂತ ಅವರಿಗೇ ಗೊತ್ತಾಗಿತ್ತು.

ವಯಸ್ಸಿಗೆ ತಕ್ಕ ಹಾಗೆ

ಇನ್ನೂ ನಡೆಯದ ಕೂಸನ್ನು ನೆರಳಲ್ಲಿ ಚಾಪೆ ಹಾಸಿ ಬೋರಲು ಮಲಗಿಸಿ, ಎಚ್ಚರ ಇರುವಾಗ, ನೀವು ಪಕ್ಕದಲ್ಲಿರುವಾಗ. ದಿನಕ್ಕೆ ಒಟ್ಟು 30 ನಿಮಿಷವಾದರೂ ಇರಲಿ. ಅಲುಗುವ ಎಲೆಗಳನ್ನು ನೋಡುತ್ತಾ ಕತ್ತು ಎತ್ತುತ್ತದೆ. ನಡೆಯಲು ಕಲಿತವರಿಗೆ ಬರಿಗಾಲು, ಮೆಟ್ಟಿಲು, ತುಂಬಿಸಿ ಸುರಿಯಲು ಒಂದು ಲೋಟ. ಎರಡು ವರ್ಷದ ಮಗು ಬೇರೆಯವರ ಜೊತೆ ಸೇರಿ ಆಡದೆ ಪಕ್ಕದಲ್ಲಿ ತನ್ನಷ್ಟಕ್ಕೆ ಆಡಿಕೊಂಡರೆ ಚಿಂತೆ ಬೇಡ, ಆ ವಯಸ್ಸಿಗೆ ಅದೇ ಸಹಜ. ಐದು ದಾಟಿದವರಿಗೆ ಜೊತೆಗಾರರು ಬೇಕು, ಕಣ್ಣಾಮುಚ್ಚಾಲೆ, ಕುಂಟೆಬಿಲ್ಲೆ ಬೇಕು. ಒಂಬತ್ತು ಹತ್ತು ಆದವರಿಗೆ ನಮ್ಮಿಂದ ಬೇಕಾಗಿರುವುದು ದೂರ. ನಾವು ದೊಡ್ಡವನಿಗೆ ಗಡಿ ಹಾಕಿಕೊಟ್ಟಿದ್ದೇವೆ, ಇಂತಿಂಥ ಕಡೆವರೆಗೆ, ಇಷ್ಟು ಗಂಟೆಯೊಳಗೆ. ಆರು ತಿಂಗಳಿಗೊಮ್ಮೆ ಅವನ ಜೊತೆ ನಡೆದು ನೋಡಿ ಗಡಿ ಸ್ವಲ್ಪ ಹಿಗ್ಗಿಸುತ್ತೇವೆ.

ಮಣ್ಣು ಮುಟ್ಟಿದರೆ ಕಿರುಚುವ, ಗದ್ದಲಕ್ಕೆ ಕಿವಿ ಮುಚ್ಚಿಕೊಳ್ಳುವ ಮಕ್ಕಳೂ ಇದ್ದಾರೆ. ಅವರನ್ನು ಒತ್ತಾಯ ಮಾಡಬೇಡಿ. ಜನ ಇಲ್ಲದ ಹೊತ್ತಲ್ಲಿ ಹೋಗಿ, ಒಣ ಎಲೆಯಿಂದ, ನುಣುಪು ಕಲ್ಲಿಂದ ಶುರು ಮಾಡಿ. ಗಾಲಿಕುರ್ಚಿಯಲ್ಲಿರುವ ಮಗುವಿಗೆ ಮರಳನ್ನು, ನೀರನ್ನು ಮೇಜಿನೆತ್ತರಕ್ಕೆ ತಂದುಕೊಡಿ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟವನ್ನು ಮಗುವಿನ ಹಕ್ಕು ಅನ್ನುತ್ತದೆ. ಓಡಬಲ್ಲ ಮಗುವಿನ ಹಕ್ಕು ಅಂತ ಅಲ್ಲಿ ಬರೆದಿಲ್ಲ.

ಮನೆಗೆ ವಾಪಸ್ ಕರೆತರುವುದು

ಇದಕ್ಕೇ ಬಹಳ ಮನೆಗಳಲ್ಲಿ ಸಂಜೆ ಅಳುವಿನಲ್ಲಿ ಮುಗಿಯುತ್ತದೆ. "ಸಾಕು, ನಡಿ" ಅಂತ ಆಟದ ಮಧ್ಯೆ ಕೈ ಹಿಡಿದು ಎಳೆದರೆ ಯಾರಿಗಾದರೂ ಅಳು ಬರುತ್ತದೆ. ನಾನು ಹತ್ತು ನಿಮಿಷ ಮುಂಚೆ ಹತ್ತಿರ ಹೋಗಿ ಕೂರುತ್ತೇನೆ. ಏನು ನಡೀತಿದೆ ಅಂತ ಸ್ವಲ್ಪ ನೋಡುತ್ತೇನೆ. ಆಮೇಲೆ, "ಇನ್ನು ಹತ್ತು ನಿಮಿಷ ಇದೆ, ಕೊನೇದಾಗಿ ಏನು ಮಾಡ್ಬೇಕು ಅಂತಿದೀರಾ?" ಅನ್ನುತ್ತೇನೆ. ಸಣ್ಣ ಮಕ್ಕಳಿಗೆ ನಿಮಿಷ ಅರ್ಥ ಆಗಲ್ಲ, ಅವರಿಗೆ "ಇನ್ನು ಮೂರು ಸಲ ಜಾರು" ಅನ್ನುವ ಲೆಕ್ಕ ಸರಿ. ಕಟ್ಟಿದ್ದನ್ನು ಕೆಡವದೆ ಬಿಟ್ಟು ಬರಲು ಒಪ್ಪಿದರೆ ನಾಳೆಯ ಆಟ ಅಲ್ಲೇ ಕಾಯುತ್ತಿರುತ್ತದೆ.

ಕಳೆದ ವಾರ ಚಿಕ್ಕವಳ ಕಣ್ಣು ಪರೀಕ್ಷೆ ಮಾಡಿಸಿದೆವು. ಈಗ ಅವಳಿಗೆ ಏಳೂವರೆ. ಕೊನೆಯ ಸಾಲಿನ ಪುಟ್ಟ ಅಕ್ಷರಗಳನ್ನೂ ತಡವರಿಸದೆ ಓದಿದಳು. ಸದ್ಯಕ್ಕೆ ಪವರ್ ಇಲ್ಲ ಅಂದರು. ಮುಂದೆ ಬರಲೂಬಹುದು, ಆರು ತಿಂಗಳಿಗೊಮ್ಮೆ ತೋರಿಸುತ್ತಿರಿ ಅಂತಲೂ ಹೇಳಿದರು. ಕುರ್ಚಿಯಿಂದ ಇಳಿದವಳು ಕೇಳಿದ್ದು ಒಂದೇ ಮಾತು. "ಅಮ್ಮಾ, ಇನ್ನೂ ಬೆಳಕಿದೆ ಅಲ್ವಾ?"